ಸುಣ್ಣದ ಗೋಡೆಯೊಳಗಿನ ಪುಟ್ಟ ಕೈ

ನನ್ನ ಗೆಳೆಯ ಜಯಂತ ಬಂಗೇರನಿಗೆ ಹಳೆ ಕಟ್ಟಡಗಳ ಹುಚ್ಚು. ಕ್ಯಾಮೆರಾ ಕೈಗೆ ಬಂದರೆ ಊಟ ತಿಂಡಿಯ ನೆನಪೇ ಇರುವುದಿಲ್ಲ...

ಆದರೆ ಫ್ರೇಮಿನೊಳಗೆ ಮನುಷ್ಯರು ಬರಬಾರದು. "ಜನ ಬಂದ್ರೆ ಕಟ್ಟಡ ಹಾಳು ಮಾರಾಯ" ಅನ್ನುತ್ತಾನೆ ಪುಣ್ಯಾತ್ಮ.

ಕಳೆದ ವರ್ಷ ಮಂಗಳೂರು ಕಡೆಯ ಒಂದು ಹಳೆ ಕೆಥೆಡ್ರಲ್‌ನ ಫೋಟೋ ತೆಗೆಯುವ ಕೆಲಸ ಅವನಿಗೆ ಸಿಕ್ಕಿತು. ಫೋಟೋ ತೆಗೆದ ಮರುದಿನದಿಂದಲೇ ರಿಪೇರಿ. ಗೋಡೆಯ ಹಳೆ ಗಾರೆಯನ್ನೆಲ್ಲ ಕೆತ್ತಿ ಹೊಸದು ಹಾಕುವವರಿದ್ದರು.

ಅದು ಮೊದಲು ಹುಲ್ಲಿನ ಮಾಡಿನ ಪುಟ್ಟ ಪ್ರಾರ್ಥನಾ ಮನೆಯಾಗಿತ್ತಂತೆ. ಆಮೇಲೆ ಕೆಂಪು ಮುರಕಲ್ಲಿನ ಗೋಡೆ, ಎತ್ತರದ ಕಮಾನು, ಬಣ್ಣದ ಗಾಜು, ಬೆಲ್ಲದ ನೀರು ಸೇರಿಸಿ ಅರೆದ ಸುಣ್ಣದ ಗಾರೆ... ಜಯಂತನಿಗೆ ಸ್ವರ್ಗವೇ ಸಿಕ್ಕಿತ್ತು.

ಒಳಗೆ ಪಕ್ಕದ ಬಾಗಿಲ ಬಳಿ ಮಾತ್ರ ಒಬ್ಬ ಅಜ್ಜಿ. ಹೆಸರು ಸೆರಫಿನ್ ಬಾಯಿ. ಗೋಡೆಗೆ ಕೈಯಿಟ್ಟು ಕೂತವರು ಏಳಲೇ ಇಲ್ಲ.

"ಅಮ್ಮಾ, ಸ್ವಲ್ಪ ಆಚೆ ಕೂತ್ಕೊಳ್ತೀರಾ? ಫೋಟೋದಲ್ಲಿ ಬರ್ತೀರಿ."

"ನಾನು ಬರುವುದು ಬೇಡ ಮಗಾ. ಈ ಗೋಡೆಯದ್ದೊಂದು ತೆಗೀಲಿಕ್ಕೆ ಆಗ್ತದಾ? ಇಲ್ಲಿ ನನ್ನ ಮಗಳ ಕೈ ಉಂಟು."

ಅವನು ನೋಡಿದ. ಗೋಡೆಯಲ್ಲಿ ಏನೂ ಇರಲಿಲ್ಲ, ಬರೀ ಬಿಳಿ.

ಅಜ್ಜಿ ನಿಧಾನವಾಗಿ ಹೇಳಿದರು... ಅವರ ಗಂಡ ಗಾರೆ ಕೆಲಸದವರು. ಹಿಂದೊಮ್ಮೆ ಈ ಗೋಡೆ ಕುಸಿದು ಮತ್ತೆ ಕಟ್ಟಿದಾಗ, ಗಾರೆ ಹಸಿ ಇರುವಾಗಲೇ ಎರಡು ವರ್ಷದ ಮಗಳ ಅಂಗೈಯನ್ನು ಅದಕ್ಕೆ ಒತ್ತಿಸಿದ್ದರು.

ಅದೇ ಮಳೆಗಾಲದಲ್ಲಿ ಜ್ವರ ಬಂದು ಮಗು ತೀರಿಹೋಯಿತು. ಅವಳ ಒಂದು ಫೋಟೋ ಕೂಡ ಇಲ್ಲ.

ವರ್ಷ ವರ್ಷವೂ ಸುಣ್ಣ ಬಳಿದು ಬಳಿದು ಆ ಗುರುತು ಕಣ್ಣಿಗೆ ಕಾಣದಾಯಿತು.

"ಬೆರಳಿಗೆ ಮಾತ್ರ ಸಿಗ್ತದೆ ನನಗೆ. ನಾಳೆ ಅದೂ ಇಲ್ಲ."

ಜಯಂತ ಫ್ಲ್ಯಾಶ್ ಹಾಕಿ ತೆಗೆದ. ಬಿಳಿ ಗೋಡೆಯೇ ಬಂತು. ಇನ್ನೊಂದು ತೆಗೆದ... ಅದೂ ಹಾಗೆಯೇ. ಅಜ್ಜಿ ತಲೆ ತಗ್ಗಿಸಿದರು.

ಆಗ ಅವನಿಗೆ ಹೊಳೆಯಿತು. ಮಾಸಿದ ಶಾಸನಗಳ ಫೋಟೋ ತೆಗೆಯುವಾಗ ಬೆಳಕನ್ನು ಎದುರಿನಿಂದ ಬಿಡುವುದಿಲ್ಲ, ಪಕ್ಕದಿಂದ ಬಿಡುತ್ತಾರೆ.

ಬಾಗಿಲು ಮುಚ್ಚಿದ. ಟಾರ್ಚನ್ನು ಗೋಡೆಗೆ ತಾಗಿಸಿ ಓರೆಯಾಗಿ ಹಿಡಿದ.

ಮೆಲ್ಲಗೆ ನೆರಳು ಮೂಡಿತು... ಒಂದು ಪುಟ್ಟ ಅಂಗೈ, ಐದೂ ಬೆರಳು.

ಅವನು ತೆಗೆದ ಫೋಟೋವನ್ನು ಕ್ಯಾಮೆರಾದ ಪರದೆಯಲ್ಲಿ ನೋಡುತ್ತ ಸೆರಫಿನ್ ಬಾಯಿ ಆ ಪುಟ್ಟ ಬೆರಳುಗಳ ಮೇಲೆ ಕೈಯಾಡಿಸಿದರು. ಕಣ್ಣೀರು ಇಳಿಯುತ್ತಲೇ ಇತ್ತು. "ಲೀನಾ" ಎಂದು ಮಗಳ ಹೆಸರು ಹಿಡಿದು ಕರೆದರು, ಅಷ್ಟೇ.

ಈಗ ತನಗೊಂದು ಥ್ಯಾಂಕ್ಸ್ ಬರುತ್ತದೆ ಅಂದುಕೊಂಡ ನಮ್ಮ ಹುಡುಗ. ಅಜ್ಜಿ ಗೋಡೆಯ ಕಡೆ ತಿರುಗಿ ಹಣೆ ತಾಗಿಸಿದರು.

"ಇಷ್ಟು ವರ್ಷ ಅವಳ ಕೈ ಹಿಡ್ಕೊಂಡಿದ್ದೆ ನೀನು. ದೊಡ್ಡ ಉಪಕಾರ ಆಯ್ತು. ಇನ್ನು ಬಿಡು, ನಾನು ನೋಡ್ಕೊಳ್ತೇನೆ."

ಜಯಂತನ ಕಣ್ಣೂ ತುಂಬಿತು. ಕಣ್ಣೊರೆಸಿಕೊಂಡು ಅವನು ಇನ್ನೊಂದು ಫೋಟೋ ತೆಗೆದ. ಈ ಸಲ ಅಜ್ಜಿಯನ್ನು ಫ್ರೇಮಿನ ನಡುವೆಯೇ ಕೂರಿಸಿದ್ದ.

ನಮ್ಮವರ ನೆನಪನ್ನು ಸದ್ದಿಲ್ಲದೆ ಕಾದುಕೊಂಡು ಬಂದ ಗೋಡೆಗೂ ನಾವು ಋಣಿಗಳು.

ನಿಮ್ಮವರ ಗುರುತು ಯಾವ ಗೋಡೆಯಲ್ಲಿದೆ... ಅದನ್ನು ಕೊನೆಯ ಸಲ ಮುಟ್ಟಿ ನೋಡಿದ್ದು ಯಾವಾಗ?