ಬಾಟಲಿಯಲ್ಲಿ ಈಜುತ್ತಿದ್ದ ಹುಳು

ನೀರಿನಲ್ಲಿ ಸಗಣಿಯ ಅಮೋನಿಯಾ ಇದ್ದರೆ ಹಸಿರಾಗಬೇಕಿದ್ದ ಪರೀಕ್ಷಾ ಪಟ್ಟಿ ಹಳದಿಯಾಗಿಯೇ ಉಳಿದಾಗ ಆಶ್ಲಿನ್ ಬಾಟಲಿಯನ್ನು ಶಾಲೆಯ ಪ್ರಯೋಗಾಲಯದ ಕಿಟಕಿಯ ಬೆಳಕಿಗೆ ಹಿಡಿದಳು. ಒಳಗೆ ಮೂರು ಬಾಲದ ಪುಟ್ಟ ಹುಳುವೊಂದು ಆರಾಮಾಗಿ ಈಜುತ್ತಿತ್ತು. ಆಮ್ಲಜನಕ ತುಂಬಿದ ತಿಳಿನೀರಿನಲ್ಲಿ ಮಾತ್ರ ಬದುಕುವ ಹುಳು ಅದು.

ಶನಿವಾರ ಅವಳೂ ಗೆಳತಿ ಬ್ರೋನಾಳೂ ಸೇರಿ ಈ ಬಾಟಲಿ ತುಂಬಿಸಿದ್ದು ಬ್ರೋನಾಳ ಅಪ್ಪನ ಸಗಣಿ ಗುಂಡಿಯ ಕೊಳವೆ ತೊರೆಗೆ ಬೀಳುವ ಜಾಗದಲ್ಲಿ. ಅಲ್ಲಿ ಟ್ರೌಟ್ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. "ಅಪ್ಪ ಆದ್ರೇನು, ತಪ್ಪು ತಪ್ಪೇ ಕಣೇ," ಎಂದು ಅತ್ತಿದ್ದ ಬ್ರೋನಾಳೇ, ನೀರು ತಣ್ಣಗಿರಲಿ ಎಂದು ಬಾಟಲಿಯನ್ನು ತಮ್ಮ ಮನೆಯ ಫ್ರಿಜ್ಜಿನಲ್ಲಿ ಇಟ್ಟುಕೊಂಡಿದ್ದಳು. ಮೇಲೆ ಅಂಟಿಸಿದ ಚೀಟಿಯಲ್ಲಿ ಮಾತ್ರ ಈಗಲೂ ಆಶ್ಲಿನ್‌ಳದೇ ಅಕ್ಷರ.

"ಇದ್ಯಾವ ನೀರೇ?" ಆಶ್ಲಿನ್ ಪಿಸುಗುಟ್ಟಿದಳು.

ಬ್ರೋನಾ ಹುಳುವನ್ನು ನೋಡಿದಳು. ಗೆಳತಿಯ ಮುಖ ನೋಡಲಿಲ್ಲ.

"ಏನ್ರಮ್ಮಾ, ಕೊಳವೆ ಹತ್ರದ ನೀರೇ ತಾನೆ ಇದು?" ಹ್ಯಾನ್ಲನ್ ಮೇಷ್ಟ್ರು ಕೇಳಿದರು.

"ಹೂಂ ಸರ್, ಇಬ್ರೂ ಸೇರೇ ತುಂಬಿಸಿದ್ದು," ಬ್ರೋನಾ ಇಡೀ ತರಗತಿಗೆ ಕೇಳುವಂತೆ ಹೇಳಿದಳು. "ಬೇಕಾದ್ರೆ ಆಶ್ಲಿನ್‌ನ ಕೇಳಿ. ಅವಳು ಸುಳ್ಳು ಹೇಳಲ್ಲ."