ಹತ್ತೊಂಬತ್ತು ಮನೆಗೆ ಆರು ಪಕ್ಷ

ದೋಣಿಗೆ ಬಳಿದ ಗೇರು ಎಣ್ಣೆಯ ಆ ಖಾರ ಖಾರ ವಾಸನೆ ಮೂಗಿಗೆ ತಾಗಿದರೆ ಸಾಕು, ಚಂದ್ರಮತಿ ಟೀಚರು ಎಪ್ಪತ್ತನಾಲ್ಕರಿಂದ ಏಳನೇ ವಯಸ್ಸಿಗೆ ಇಳಿದುಬಿಡುತ್ತಾರೆ. ಅಪ್ಪ ದೋಣಿಗೆ ಎಣ್ಣೆ ಕುಡಿಸಿ, ಬಿಸಿಲಿಗೆ ಒಣಗಿಸಿದ ಮೇಲೆ ಕುದ್ರುವಿನ ಗಂಡಸರೆಲ್ಲ ಬಂದು ಹಗ್ಗ ಹಿಡಿಯುತ್ತಿದ್ದರು. ಒಬ್ಬ ‘ಐಲೇಸಾ’ ಎನ್ನುವುದು, ಉಳಿದವರು ಎಳೆಯುವುದು. ದೋಣಿ ನೀರಿಗಿಳಿದ ಮೇಲೆ ಎಲ್ಲರಿಗೂ ಒಂದೇ ಪಾತ್ರೆಯ ಗಂಜಿ. ಇವತ್ತೂ ಅದೇ ವಾಸನೆ, ಅದೇ ದಡ. ಹಗ್ಗ ಹಿಡಿದವರು ಹನ್ನೆರಡು ಮಂದಿ. ದೋಣಿ ಮಾತ್ರ ಗೇಣು ಕದಲಿರಲಿಲ್ಲ.

ಹೊಳೆಯ ನಡುವೆ ಬಿದ್ದ ಅಂಗೈಯಗಲದ ನೆಲ ಆ ಕುದ್ರು. ಮನೆ ಹತ್ತೊಂಬತ್ತು, ದಾಟುವುದಕ್ಕೆ ದೋಣಿ ಒಂದು, ಪಕ್ಷ ಆರು. ಪಂಚಾಯತಿ ಚುನಾವಣೆಗೆ ಪಕ್ಷವೇ ಇಲ್ಲವೆಂದು ಕಾನೂನು ಹೇಳುತ್ತದಂತೆ. ಕಾನೂನು ಇನ್ನೂ ಹೊಳೆ ದಾಟಿ ಇಲ್ಲಿಯವರೆಗೆ ಬಂದಿರಲಿಲ್ಲ. ಆರನೆಯ ಪಕ್ಷ ಸುಧೀರನದು. ಉಳಿದ ಐದರಲ್ಲೂ ಇದ್ದು ಬಂದ ಅನುಭವಿ ಅವನು. ಈಗ ಅಧ್ಯಕ್ಷ, ಕಾರ್ಯದರ್ಶಿ, ಭಿನ್ನಮತೀಯ ಎಲ್ಲವೂ ತಾನೇ.

ದಡದ ಕಲ್ಲಿನ ಮೇಲೆ ನಾಗು ಕೂತಿದ್ದಳು, ಊದಿದ ಪಾದಗಳನ್ನು ಚಪ್ಪಲಿಯಿಂದ ಹೊರಗಿಟ್ಟುಕೊಂಡು. ಅವಳು ಉಪ್ಪು ಮುಟ್ಟುವ ಹಾಗಿಲ್ಲ. ಹನ್ನೊಂದಕ್ಕೆ ಕುಂದಾಪುರದಲ್ಲಿ ಡಯಾಲಿಸಿಸ್; ಇವತ್ತು ತಪ್ಪಿದರೆ ಇನ್ನು ನಾಡಿದ್ದು. ಹೊಳೆಯಲ್ಲಿ ನೀರು ಇಳಿಯತೊಡಗಿತ್ತು. ಇನ್ನರ್ಧ ಗಂಟೆಯಲ್ಲಿ ಕೆಸರು ಕಂಡರೆ ಸಂಜೆಯ ಉಬ್ಬರದವರೆಗೆ ದೋಣಿ ಇಳಿಸುವ ಹಾಗಿಲ್ಲ. ನಿಜಕ್ಕೂ ನಿನ್ನೆಯೇ ಇಳಿಸಬೇಕಿತ್ತು. ತೆಂಗಿನಕಾಯಿ ಯಾರು ಒಡೆಯುವುದೆಂದು ಸಭೆ ಸೇರಿ, ಕಾಯಿ ಹಾಗೇ ಉಳಿದು, ಸಭೆ ಒಡೆದಿತ್ತು.

“ಐಲೇಸಾ ಹೇಳುದ್ ಯಾರ್?” ಎಂದು ದೋಣಿ ನಡೆಸುವ ಮುತ್ತ ಕೇಳಿದ್ದೇ ತಪ್ಪಾಯಿತು.

“ನಾನ್ ಹೇಳ್ತೆ,” ಎಂದ ಭೋಜರಾಜ, ಹೆಗಲಿನ ಪಕ್ಷದ ಶಾಲು ಸರಿಮಾಡಿಕೊಂಡು.

“ನೀನ್ ಹೇಳ್ರೆ ನಾವ್ ಎಳೀಕಾ? ನಾಳೆ ಪೇಪರಂಗೆ ‘ಭೋಜರಾಜರ ನೇತೃತ್ವದಲ್ಲಿ’ ಅಂದೇಳಿ ಬತ್ತ್!” ಎಂದು ಶೀನ ಹಗ್ಗ ಕೆಳಗೆ ಹಾಕಿದ. ಶೀನ ನಾಗುವಿನ ಗಂಡ. ಭೋಜರಾಜ ಅವಳ ಒಡಹುಟ್ಟಿದ ತಮ್ಮ. ಭಾವ ಒಂದು ಪಕ್ಷ, ಭಾವಮೈದ ಇನ್ನೊಂದು ಪಕ್ಷ ಸೇರಿದಂದಿನಿಂದ ಎರಡು ಮನೆಗಳ ನಡುವೆ ಬೆಂಕಿ, ನೀರು, ಮಾತು ಮೂರೂ ಇಲ್ಲ.

“ಹಾಂಗಾರೆ ಅವ್ರವ್ರ್ ಘೋಷಣೆ ಅವ್ರವ್ರ್ ಕೂಗಿ ಎಳುದ್. ಪ್ರಜಾಪ್ರಭುತ್ವ ಅಲ್ದಾ?” ಎಂದು ಸುಧೀರ ತೀರ್ಪು ಕೊಟ್ಟ.

ಕೂಗಿದರು. ಆರು ಜೈಕಾರ, ಆರು ಹೊತ್ತಿಗೆ. ಒಂದು ಪಕ್ಷಕ್ಕೆ ಜಯವಾಗುವಾಗ ಇನ್ನೊಂದು ಪಕ್ಷ ಉಸಿರೆಳೆದುಕೊಳ್ಳುತ್ತಿತ್ತು. ದೋಣಿ ಎಡಕ್ಕೊಮ್ಮೆ, ಬಲಕ್ಕೊಮ್ಮೆ ವಾಲಿ, ಕಡೆಗೆ ಎಲ್ಲರಿಂದಲೂ ಬೇಸತ್ತ ಹಾಗೆ ಮೂತಿಯನ್ನು ಮರಳಿನಲ್ಲಿ ಹುಗಿದುಕೊಂಡು ನಿಂತಿತು.

“ಇಷ್ಟ್ ಸಣ್ ಕುದ್ರುಗೆ ಆರ್ ಪಕ್ಷ ಹೆಚ್ಚಾಯ್ತ್ ಕಾಣಿ, ಟೀಚ್ರೆ,” ಎಂದ ಮುತ್ತ.

“ಮೆಲ್ಲ ಹೇಳ್ ಮಾರಾಯ. ಹೆಚ್ಚಾಯ್ತ್ ಅಂಬ್ದಕ್ಕೇ ಒಂದ್ ಏಳ್ನೇ ಪಕ್ಷ ಕಟ್ತ್ರ್.”

ಅಷ್ಟರಲ್ಲಿ ನಾಗು ಕಲ್ಲಿನಿಂದ ಎದ್ದಳು. “ನಂಗ್ ಹೊತ್ತಾಯ್ತ್,” ಎಂದಳು, ಬೈಗುಳವಿಲ್ಲ, ಅಳುವಿಲ್ಲ. ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ಎಡಗೈಯನ್ನು ಎದೆಗೊತ್ತಿಕೊಂಡು, ಬಲಗೈಯಲ್ಲಿ ಹಗ್ಗದ ತುದಿ ಹಿಡಿದು ನಿಂತಳು. ಆರು ಜೈಕಾರವೂ ಒಟ್ಟಿಗೇ ನಿಂತವು. ಆ ಎಡೆಯಲ್ಲಿ ಚಂದ್ರಮತಿ ಟೀಚರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕಾಲದಲ್ಲಿ ಮಗ್ಗಿ ಹೇಳಿಸುತ್ತಿದ್ದ ದನಿಯಲ್ಲಿ ಕೂಗಿದರು:

“ಐಲೇಸಾ!”

ಹನ್ನೆರಡರಲ್ಲಿ ಒಂಬತ್ತು ಮಂದಿ ಆ ದನಿಗೆ ಹೆದರಿ ಮಗ್ಗಿ ಒಪ್ಪಿಸಿದವರು. ತಮ್ಮ ತಮ್ಮ ಪಕ್ಷ ಕೈಗಳಿಗೆ ನೆನಪಾಗುವ ಮೊದಲೇ ದೋಣಿ ಸರ್ರನೆ ಜಾರಿ ನೀರಿಗಿಳಿದಿತ್ತು.

ನೆನಪಾಗುವುದಕ್ಕೆ ತಡವಾಗಲಿಲ್ಲ. ಮೊಬೈಲುಗಳು ಹೊರಬಂದವು. ಮೊಬೈಲು ಹಿಡಿದ ಪ್ರತಿಯೊಬ್ಬನೂ ಉಳಿದ ಪಕ್ಷದವರು ಬೀಳದ ಹಾಗೆ ದೋಣಿಯ ಪಟ ತೆಗೆಯಲು ಒದ್ದಾಡುತ್ತಿದ್ದ; ಸುಧೀರ ತನ್ನ ಪಕ್ಷದ ಪೂರ್ಣ ಬಲವನ್ನು ತೋಳು ಚಾಚಿ ತಾನೇ ಸೆರೆಹಿಡಿದ. “ನೀ ಹೋಯ್ತಿರ್, ನಾನ್ ಮುಂದಿನ್ ಟ್ರಿಪ್ಪಿಗೆ ಬತ್ತೆ!” ಎಂದು ಶೀನ ಹೆಂಡತಿಗೆ ಕೂಗಿದ, ಮೊಬೈಲಿನಿಂದ ಕಣ್ಣೆತ್ತದೆ.

ಟೀಚರು ನಾಗುವಿನ ಕೈಹಿಡಿದು ದೋಣಿಯಲ್ಲಿ ಕೂರಿಸಿದರು. ಎಣ್ಣೆ ಕುಡಿದ ಹಲಗೆ ಬಿಸಿಲಿಗೆ ಮತ್ತೆ ಘಮ್ಮೆಂದಿತು. ಮುತ್ತ ದೋಣಿ ನೂಕುವ ಜಲ್ಲೆ ಊರುವಷ್ಟರಲ್ಲಿ ದೋಣಿಯ ಆಚೆ ಬದಿಯಲ್ಲಿ ನೀರು ಚಳಕ್ಕೆಂದಿತು. ನೋಡಿದರೆ ಭೋಜರಾಜ, ಮೊಣಕಾಲುಮಟ್ಟ ಹೊಳೆಯಲ್ಲಿ. ಅವನ ಮೊಬೈಲು ಜೇಬಿನಲ್ಲೇ ಇತ್ತು. ಬೆಳಗ್ಗಿನಿಂದ ಅವನು ಮತ್ತೆ ಮತ್ತೆ ಶಾಲು ಸರಿಮಾಡಿಕೊಳ್ಳುತ್ತಿದ್ದದ್ದು ಯಾಕೆಂದು ಟೀಚರಿಗೆ ಈಗ ತಿಳಿಯಿತು. ಅದರ ಮರೆಯಿಂದ ಬಾಳೆಲೆಯ ಒಂದು ಕಟ್ಟು ತೆಗೆದು ಅಕ್ಕನ ಮಡಿಲಲ್ಲಿಟ್ಟ.

“ಕೊಟ್ಟೆ ಕಡ್ಬು. ಸರಸ ಮಾಡಿದ್ದ್,” ಎಂದ ಹೆಂಡತಿಯ ಹೆಸರು ಹೇಳಿ, ಹೊಳೆಯೊಂದಿಗೆ ಮಾತಾಡುವವನ ಹಾಗೆ. “ಉಪ್ಪ್ ಹಾಕ್ಲಿಲ್ಲೆ.”

ಮತ್ತೆ ಕಳ್ಳನ ಹಾಗೆ ದಡದತ್ತ ತಿರುಗಿ ನೋಡಿದ. ಅವನ ಪಕ್ಷದವರು ಯಾರೂ ನೋಡಿರಲಿಲ್ಲ.