ಸಾಕಿದ ಧೂಳು

ದಿನನಿತ್ಯದ ತಪಾಸಣೆಯಲ್ಲಿ ತಮ್ಮ ಕೋಣೆಯ ಯೇಸುವಿನ ಪ್ರತಿಮೆಯ ಹಿಂದೆ ಬೆರಳಾಡಿಸಿ, ಅಂಟಿದ ಧೂಳನ್ನು ಇನ್‌ಸ್ಪೆಕ್ಟರ್ ತಾತ ಕಣ್ಣ ಹತ್ತಿರ ಹಿಡಿದರು. ಚರ್ಚಿನ ಆ ವೃದ್ಧಾಶ್ರಮದಲ್ಲಿ ಕಸ ಗುಡಿಸಿ ನೆಲ ಒರೆಸುವ ಹೆಂಗಸು, ಬೈಗುಳಕ್ಕೆ ಕಿವಿ ತೆರೆದು ನಿಂತಳು.

ಆ ಧೂಳು ಸೋಮಾರಿತನದ್ದಲ್ಲ, ಅವಳು ಬೇಕೆಂದೇ ಸಾಕಿದ್ದು. ತಪ್ಪು ಸಿಕ್ಕ ದಿನ ತಾತ ತಟ್ಟೆ ಖಾಲಿ ಮಾಡುತ್ತಿದ್ದರು, ಸಿಗದ ದಿನ ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದರು. ಅದಕ್ಕೇ ಅವಳು ಇಡೀ ಕೋಣೆಯನ್ನು ಫಳಫಳ ಮಾಡಿ, ಯೇಸುವಿನ ಬೆನ್ನ ಹಿಂದೆ ಮಾತ್ರ ಒಂದು ಚಿಟಿಕೆ ಉಳಿಸುತ್ತಿದ್ದಳು. "ಏನೇ ಇದು, ಮೈಗಳ್ಳಿ! ಇಷ್ಟು ಮಣ್ಣಲ್ಲಿ ದೇವರು ಇನ್ನೊಬ್ಬ ಆದಾಮನನ್ನೇ ಮಾಡ್ಬೋದು!" ಎಂದು ತಾತ ಗುಡುಗಿದರೆ, "ಮಾಡ್ಲಿ ಬಿಡಿ ತಾತ, ನೆಲ ಒರೆಸೋಕೆ ನನಗೊಂದು ಜೊತೆಯಾಯ್ತು" ಎನ್ನುತ್ತಿದ್ದಳು.

ಇವತ್ತು ತಾತ ಬೆರಳನ್ನು ನೋಡಿದರು, ಆಮೇಲೆ ಅವಳನ್ನು ನೋಡಿದರು. "ತುಂಬಾ ಚೆನ್ನಾಗಿ ಒರೆಸಿದ್ದೀರಮ್ಮ," ಎಂದರು ಮೆತ್ತಗೆ. "ಹೊಸದಾಗಿ ಬಂದಿದ್ದೀರಾ?"

"ಸರಿಯಾಗಿ ನೋಡಿ ತಾತ, ಬೆರಳ ಮೇಲೆ ಆದಾಮ ಕೂತಿದ್ದಾನೆ! ಬೈರಿ ನನ್ನ!"

ಪರಿಚಯವಿಲ್ಲದವರ ಮುಂದೆ ನಗುವ ಹಾಗೆ ತಾತ ಮರ್ಯಾದೆಯಿಂದ ನಕ್ಕರು.

"ಹೂಂ ತಾತ, ಇವತ್ತೇ ಸೇರ್ಕೊಂಡೆ," ಎಂದು ಅವಳು ಅವರ ಬೆರಳನ್ನು ಒರೆಸಿದಳು. ಆಮೇಲೆ ಅದೇ ಬಟ್ಟೆಯಿಂದ ಯೇಸುವಿನ ಬೆನ್ನ ಹಿಂದೆಯೂ ಒರೆಸಿದಳು.